ಮನೆಯಲ್ಲಿ ಸೋಪು ಮಾಡಿ, ‘ಕೆಮಿಕಲ್ ಇಲ್ಲ’ ಅಂತ ಮಾತ್ರ ಬರೀಬೇಡಿ

(1/6)

‘ಕೆಮಿಕಲ್ ಇಲ್ಲದ ಸೋಪು’ ಅನ್ನೋ ವಸ್ತು ಎಲ್ಲೂ ಇಲ್ಲ.

ಹೀಗಂದ್ರೆ ಸೋಪು ಮಾಡುವ ನನ್ನ ಗೆಳತಿಯರಲ್ಲೇ ಕೆಲವರಿಗೆ ಬೇಜಾರಾಗುತ್ತೆ. ಆದರೂ ಹೇಳಲೇಬೇಕು. ಈ ಆ್ಯಪ್‌ನಲ್ಲೇ ಹುಡುಕಿ ನೋಡಿ. ಬಾಳೆ ಎಲೆ ಮೇಲೆ ಜೋಡಿಸಿಟ್ಟ ಸೋಪು, ಪಕ್ಕದಲ್ಲಿ ಎರಡು ಬೇವಿನ ಎಲೆ, ಒಂದು ಚಿಟಿಕೆ ಅರಿಶಿನ. ಕೆಳಗೆ ‘100% ನ್ಯಾಚುರಲ್, ನೋ ಕೆಮಿಕಲ್ಸ್, ಅಜ್ಜಿ ಕಾಲದ ವಿಧಾನ’. ಫೋಟೋ ಚೆನ್ನಾಗಿರುತ್ತೆ. ಸೋಪೂ ಚೆನ್ನಾಗೇ ಇರಬಹುದು. ಆ ಸಾಲು ಮಾತ್ರ ಸುಳ್ಳು.

ಸೋಪು ಅಂದ್ರೆ ಎಣ್ಣೆ ಮತ್ತು ಕ್ಷಾರ ಸೇರಿ ಆಗುವ ಮೂರನೇ ವಸ್ತು. ಗಟ್ಟಿ ಸೋಪಿಗೆ ಬೇಕಾದ ಕ್ಷಾರ ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ಕಾಸ್ಟಿಕ್ ಸೋಡಾ. ಹೈಸ್ಕೂಲ್ ವಿಜ್ಞಾನದಲ್ಲಿ ‘ಸಾಬೂನೀಕರಣ’ ಅಂತ ಬಾಯಿಪಾಠ ಮಾಡಿದ್ವಲ್ಲ, ಅದೇ. ಅದಿಲ್ಲದೆ ಎಣ್ಣೆ ಎಣ್ಣೆಯಾಗೇ ಇರುತ್ತೆ, ಸೋಪಾಗೋದಿಲ್ಲ.

‘ನಾನು ಕಾಸ್ಟಿಕ್ ಮುಟ್ಟೋದೇ ಇಲ್ಲ, ಬೇಸ್ ತಂದು ಕರಗಿಸಿ ಅಚ್ಚಿಗೆ ಹಾಕ್ತೀನಿ’ ಅಂತೀರಾ? ಆ ಬೇಸ್ ಕೂಡ ಕ್ಷಾರದಿಂದಲೇ ಆಗಿದ್ದು. ನಿಮ್ಮ ಬದಲು ಫ್ಯಾಕ್ಟರಿಯಲ್ಲಿ ಯಾರೋ ಆ ಕೆಲಸ ಮುಗಿಸಿರ್ತಾರೆ, ಅಷ್ಟೇ.

ಇದು ಬರೀ ಪದಗಳ ಜಗಳ ಅಂದ್ಕೋಬೇಡಿ. ಆ ಒಂದು ಸಾಲಿನಿಂದ ಮಕ್ಕಳಿಗೆ ಅಪಾಯ ಆಗುತ್ತೆ. ಹೇಗೆ ಅಂತ ಮುಂದಿನ ಪೋಸ್ಟ್‌ಗಳಲ್ಲಿ ಒಂದೊಂದಾಗಿ ಹೇಳ್ತೀನಿ.

(2/6)

ಮೊದಲು ‘ಅಜ್ಜಿ ಕಾಲದ ವಿಧಾನ’ದ ವಿಷಯ.

ನಮ್ಮ ಅಜ್ಜಿಯರು ಮೈಗೆ ಕಡಲೆಹಿಟ್ಟು, ತಲೆಗೆ ಸೀಗೆಪುಡಿ, ಅಂಟುವಾಳದ ಕಾಯಿ, ಮತ್ತಿ ಸೊಪ್ಪು ಬಳಸ್ತಿದ್ರು. ಇವು ಒಂದೂ ಸೋಪಲ್ಲ. ಸೀಗೆ, ಅಂಟುವಾಳದಲ್ಲಿ ತಾವಾಗೇ ನೊರೆ ಬರಿಸುವ ಗುಣ ಇದೆ, ಅದರ ರಸಾಯನವೇ ಬೇರೆ. ಕ್ಷಾರದ ಕೆಲಸ ನಡೀತಾ ಇದ್ದದ್ದು ಬಚ್ಚಲಿನ ಹಿಂದೆ, ಪಾತ್ರೆ ತೊಳೆಯೋ ಕಲ್ಲಿನ ಹತ್ತಿರ: ಜಿಡ್ಡು ಪಾತ್ರೆಗೆ ಒಲೆ ಬೂದಿ, ಬಟ್ಟೆಗೆ ಚೌಳು ಮಣ್ಣು. ಅದನ್ನ ಮುಖಕ್ಕೆ ಹಚ್ಚು ಅಂತ ಯಾವ ಅಜ್ಜಿಯೂ ಹೇಳಲಿಲ್ಲ.

ನಮ್ಮ ರಾಜ್ಯಕ್ಕೆ ಸೋಪಿನ ಹೆಮ್ಮೆ ಬಂದಿದ್ದು ಇನ್ನೊಂದು ದಾರಿಯಲ್ಲಿ. ಮೊದಲ ಮಹಾಯುದ್ಧ ಶುರುವಾಗಿ ಶ್ರೀಗಂಧದ ಮರ ಹೊರದೇಶಕ್ಕೆ ಹೋಗೋದು ನಿಂತಾಗ, 1916ರಲ್ಲಿ ಮೈಸೂರಿನಲ್ಲಿ ಗಂಧದ ಎಣ್ಣೆ ಕಾರ್ಖಾನೆ ಶುರುವಾಯ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ವಿಶ್ವೇಶ್ವರಯ್ಯನವರು ದಿವಾನರು. ಆಮೇಲೆ ಬೆಂಗಳೂರಿನಲ್ಲಿ ಸರ್ಕಾರಿ ಸೋಪು ಕಾರ್ಖಾನೆ ಬಂತು. ಮೈಸೂರ್ ಸ್ಯಾಂಡಲ್ ಸೋಪನ್ನ ರೂಪಿಸಿದವರು ಸೋಸಲೆ ಗರಳಪುರಿ ಶಾಸ್ತ್ರಿ. ರಸಾಯನಶಾಸ್ತ್ರ ಓದಿದವರು, ಇಂಗ್ಲೆಂಡಿಗೆ ಹೋಗಿ ಸೋಪಿನ ಕೆಲಸ ಕಲಿತು ಬಂದವರು. ಜನ ಅವರನ್ನ ‘ಸೋಪ್ ಶಾಸ್ತ್ರಿ’ ಅಂತಲೇ ಕರೆದರು.

ಅಂದರೆ ನಮ್ಮೂರಿನ ಅತಿ ಪ್ರಸಿದ್ಧ ಸೋಪು ಹುಟ್ಟಿದ್ದೇ ಒಬ್ಬ ಕೆಮಿಸ್ಟ್ ಕೈಯಲ್ಲಿ. ಅದಕ್ಕೆ ಯಾರಾದ್ರೂ ನಾಚ್ಕೊಂಡ್ರಾ? ಇಲ್ಲ. ಹಾಗಿರುವಾಗ ಮನೆಯಲ್ಲಿ ಮಾಡೋ ನಮಗೆ ಯಾಕೆ ಇಷ್ಟು ಮುಜುಗರ?

(3/6)

ಈಗ ಅಪಾಯದ ಮಾತು. ಇದನ್ನ ಸೇವ್ ಮಾಡಿ ಇಟ್ಕೊಳ್ಳಿ.

‘ಕೆಮಿಕಲ್ ಇಲ್ಲ’ ಅಂತ ಓದಿ ಖುಷಿಯಾದವರು ಒಂದು ಭಾನುವಾರ ತಾವೂ ಮಾಡೋಕೆ ಕೂರ್ತಾರೆ. ರೀಲ್‌ನಲ್ಲಿ ಬಿಳಿ ಹರಳನ್ನ ನೀರಿಗೆ ಸುರಿಯೋದು ಎರಡು ಸೆಕೆಂಡ್ ಕಾಣುತ್ತೆ, ಹಿಂದೆ ವೀಣೆ ಸಂಗೀತ. ಆ ಹರಳು ಏನು, ಎಲ್ಲಿಡಬೇಕು, ಮೈಗೆ ಬಿದ್ರೆ ಏನು ಮಾಡಬೇಕು ಅಂತ ಯಾರೂ ಹೇಳಿರೋದಿಲ್ಲ. ಹೇಳಿದ್ರೆ ‘ನ್ಯಾಚುರಲ್’ ಅನ್ನೋ ಮಾತೇ ನಿಲ್ಲಲ್ಲ ನೋಡಿ.

ಎಲೆಅಡಿಕೆ ಸುಣ್ಣ ಮಗುವಿನ ಕಣ್ಣಿಗೆ ಹಾರಿದ್ರೆ ದೃಷ್ಟಿಗೇ ಕುತ್ತು ಅಂತ ನಮ್ಮ ಮನೆಗಳಲ್ಲಿ ಗೊತ್ತಿತ್ತು. ಕಾಸ್ಟಿಕ್ ಸೋಡಾ ಅದಕ್ಕಿಂತ ಬಹಳ ಉಗ್ರ. ಕರಗಿಸಿಟ್ಟಾಗ ನೋಡೋಕೆ ಥೇಟ್ ನೀರಿನ ಹಾಗೇ ಇರುತ್ತೆ, ವಾಸನೆಯೂ ಇಲ್ಲ. ಅದನ್ನ ಹಳೇ ನೀರಿನ ಬಾಟಲಿಯಲ್ಲೋ ಸ್ಟೀಲ್ ಲೋಟದಲ್ಲೋ ಅಡುಗೆಮನೆ ಕಟ್ಟೆ ಮೇಲೆ ಆರೋಕೆ ಇಟ್ಟು ಆಚೆ ಹೋದ್ರೆ, ಆಟ ಆಡಿ ದಾಹ ಅಂತ ಓಡಿಬಂದ ಮಗು ಏನು ಮಾಡುತ್ತೆ ಅಂತ ನಾನು ಬಿಡಿಸಿ ಹೇಳಬೇಕಾ? ಒಂದೇ ಗುಟುಕು ಸಾಕು, ಅನ್ನನಾಳ ಸುಡೋಕೆ.

ಆದ್ದರಿಂದ:

ಹರಳನ್ನ ನೀರಿಗೆ ಹಾಕಿ. ಹರಳಿನ ಮೇಲೆ ನೀರು ಸುರಿಯಲೇಬೇಡಿ, ಕುದ್ದು ಮುಖಕ್ಕೆ ಹಾರುತ್ತೆ. ತಣ್ಣೀರಲ್ಲೇ ಕಲಸಿದ್ರೂ ಕೈ ಸುಡುವಷ್ಟು ಬಿಸಿಯೇರುತ್ತೆ, ಗಾಬರಿ ಬೇಡ.

ಕನ್ನಡಕ, ಕೈಗವಸು, ಪೂರ್ತಿ ತೋಳಿನ ಬಟ್ಟೆ. ಕಿಟಕಿ ತೆರೆದಿರಲಿ, ಹಬೆಗೆ ಮುಖ ಒಡ್ಡಬೇಡಿ.

ಅಲ್ಯೂಮಿನಿಯಂ, ಇಂಡಾಲಿಯಂ ಪಾತ್ರೆ ಬೇಡವೇ ಬೇಡ. ಕಾಸ್ಟಿಕ್ ಅದನ್ನ ತಿಂದು ಹೈಡ್ರೋಜನ್ ಗ್ಯಾಸ್ ಬಿಡುತ್ತೆ, ಅದು ಹೊತ್ತಿಕೊಳ್ಳುತ್ತೆ. ಒಳ್ಳೆ ಸ್ಟೀಲ್ ಪಾತ್ರೆ ಇಟ್ಕೊಳ್ಳಿ, ಅದನ್ನ ಮತ್ತೆ ಅಡುಗೆಗೆ ತರಬೇಡಿ.

ಡಬ್ಬಕ್ಕೆ ‘ವಿಷ’ ಅಂತ ದಪ್ಪಕ್ಷರದಲ್ಲಿ ಬರೆದು ಬೀಗ ಹಾಕಿಡಿ.

ಮೈಗೆ, ಕಣ್ಣಿಗೆ ಬಿದ್ರೆ ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೀರಿ. ಕಣ್ಣಾದ್ರೆ ತೊಳೆದ ತಕ್ಷಣ ಆಸ್ಪತ್ರೆ. ವಿನೆಗರ್, ನಿಂಬೆರಸ ಹಚ್ಚಬೇಡಿ. ನುಂಗಿದ್ರೆ ವಾಂತಿ ಮಾಡಿಸಬೇಡಿ, ಇಳಿಯುವಾಗ ಸುಟ್ಟಿದ್ದು ಹತ್ತುವಾಗ ಮತ್ತೆ ಸುಡುತ್ತೆ. ಸೀದಾ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಮನೆಯಲ್ಲಿ ಅಂಬೆಗಾಲಿಡುವ ಮಗು ಇದ್ರೆ ಎರಡು ಮೂರು ವರ್ಷ ಈ ಹವ್ಯಾಸ ಕಾಯಲಿ. ಅಲ್ಲೀವರೆಗೂ ಬೇಸ್ ಕರಗಿಸಿ ಮಾಡಿ, ಅದರಲ್ಲೇನೂ ಕಡಿಮೆ ಇಲ್ಲ.

(4/6)

ಇಷ್ಟು ಉಗ್ರವಾದದ್ದನ್ನ ಮೈಗೆ ಹೇಗೆ ಹಚ್ಚೋದು ಅಂತ ಹೆದರ್ಬೇಡಿ. ಲೆಕ್ಕ ಸರಿಯಾಗಿದ್ರೆ ಸಿದ್ಧ ಸೋಪಿನಲ್ಲಿ ಕಾಸ್ಟಿಕ್ ಉಳಿಯೋದೇ ಇಲ್ಲ, ಅಷ್ಟೂ ಎಣ್ಣೆಯ ಜೊತೆ ಸೇರಿ ಸೋಪು ಮತ್ತು ಗ್ಲಿಸರಿನ್ ಆಗಿಬಿಡುತ್ತೆ. ಎಲ್ಲ ನಿಂತಿರೋದು ಆ ‘ಲೆಕ್ಕ ಸರಿಯಾಗಿದ್ರೆ’ ಅನ್ನೋದರ ಮೇಲೆ.

ಒಂದೊಂದು ಎಣ್ಣೆಗೂ ಒಂದೊಂದು ಲೆಕ್ಕ. 1 ಗ್ರಾಂ ತೆಂಗಿನ ಎಣ್ಣೆಗೆ ಸುಮಾರು 0.183 ಗ್ರಾಂ ಕಾಸ್ಟಿಕ್ ಬೇಕು. ಆಲಿವ್ ಎಣ್ಣೆಗೆ ಸುಮಾರು 0.135, ಹರಳೆಣ್ಣೆಗೆ 0.128. ಒಂದು ಎಣ್ಣೆ ಬದಲು ಇನ್ನೊಂದನ್ನ ಸುಮ್ನೆ ಹಾಕೋ ಹಾಗಿಲ್ಲ ಅನ್ನೋದು ಇದಕ್ಕೇ. ‘ಅಂದಾಜಿಗೆ ಹಾಕಿ’, ‘ಎರಡು ಚಮಚ ಹಾಕಿ’ ಅನ್ನೋ ರೆಸಿಪಿ ಕಂಡ್ರೆ ಅಲ್ಲಿಂದ ಎದ್ದು ಬನ್ನಿ.

ಲೆಕ್ಕಕ್ಕೆ ಅಂತ ಬರೀ ತೆಂಗಿನ ಎಣ್ಣೆ ತಗೊಳ್ಳೋಣ. ರೆಸಿಪಿಯಲ್ಲಿ 500 ಗ್ರಾಂ ಅಂತಿದೆ. ನೀವು ಅಳತೆ ಲೋಟದಲ್ಲಿ 500 ಮಿ.ಲೀ. ಸುರಿದ್ರಿ, ಎರಡೂ ಒಂದೇ ತಾನೇ ಅಂತ. ಎಣ್ಣೆ ಪ್ಯಾಕೆಟ್ ಮೇಲೆ ಓದಿ ನೋಡಿ, 1 ಲೀಟರ್ ಅಂದ್ರೆ ಸುಮಾರು 910 ಗ್ರಾಂ ಅಂತಿರುತ್ತೆ. ನೀವು ಹಾಕಿದ್ದು 460 ಗ್ರಾಂ ಆಸುಪಾಸು.

500 ಗ್ರಾಂಗೆ ಕಾಸ್ಟಿಕ್ 91.5 ಗ್ರಾಂ. ಜಾಣರು ಅದರಲ್ಲಿ 5% ಕಡಿಮೆ ಮಾಡ್ತಾರೆ, ಸ್ವಲ್ಪ ಎಣ್ಣೆ ಹಾಗೇ ಉಳಿದು ಚರ್ಮಕ್ಕೆ ಹಿತವಾಗಿರಲಿ ಅಂತ. ಆಗ ಸುಮಾರು 87 ಗ್ರಾಂ. ಆದರೆ ನಿಮ್ಮ 460 ಗ್ರಾಂ ಎಣ್ಣೆ ಪೂರ್ತಿ ಸೋಪಾದರೂ ಹಿಡಿಯೋದು 84 ಗ್ರಾಂ ಅಷ್ಟೇ. ಉಳಿದ 2.7 ಗ್ರಾಂ? ಸೋಪಿನಲ್ಲೇ ಕೂತಿರುತ್ತೆ. ಅಷ್ಟು ಹುಷಾರಾಗಿ ಬಿಟ್ಟ 5% ಕೂಡ ಕಾಪಾಡಲಿಲ್ಲ ನೋಡಿ. ತಿಂಗಳುಗಟ್ಟಲೆ ಒಣಗಿಸಿದ್ರೂ ಇಂಥ ತಪ್ಪು ಲೆಕ್ಕ ಸರಿಹೋಗುತ್ತೆ ಅಂತ ನಂಬ್ಕೊಂಡು ಮೈಗೆ ಹಚ್ಚಬೇಡಿ.

ಮೊದಲು ಡಿಜಿಟಲ್ ತಕ್ಕಡಿ ಕೊಳ್ಳಿ, ಆಮೇಲೆ ಚೆಂದದ ಅಚ್ಚು. ಪ್ರತಿ ಸಲವೂ ಫೋನ್‌ನಲ್ಲಿ ಲೈ ಕ್ಯಾಲ್ಕುಲೇಟರ್‌ನಲ್ಲಿ ಲೆಕ್ಕ ಹಾಕಿ. ಹಾರ್ಡ್‌ವೇರ್ ಅಂಗಡಿಯಿಂದ ಸಿಂಕ್ ಪೈಪ್ ಬಿಡಿಸೋ ಪುಡಿ ತರಬೇಡಿ, ಅದರಲ್ಲಿ ಬೇರೆ ಏನೇನೋ ಬೆರೆತಿರಬಹುದು.

(5/6)

ಇನ್ನು ‘ಔಷಧಿ ಸೋಪು’.

ಹೆಣ್ಣುಮಕ್ಕಳು ಆರತಿ ತಟ್ಟೆಗೆ ಕೆಂಪು ನೀರು ಮಾಡೋದು ನೋಡಿದೀರಲ್ಲ? ಅರಿಶಿನದ ನೀರಿಗೆ ಚೂರು ಸುಣ್ಣ ಹಾಕಿದ್ರೆ ಸಾಕು, ಹಳದಿ ಹೋಗಿ ಕೆಂಪಾಗುತ್ತೆ. ಸೋಪಿನ ಪಾತ್ರೆಯಲ್ಲೂ ನಡೆಯೋದು ಅದೇ. ಕ್ಷಾರಕ್ಕೆ ಬಿದ್ದ ಅರಿಶಿನ ಕೆಂಪು ತಿರುಗುತ್ತೆ, ಅದರ ಕರ್ಕ್ಯುಮಿನ್ ಕ್ಷಾರದಲ್ಲಿ ಬೇಗ ಒಡೆದೂ ಹೋಗುತ್ತೆ. ಹಾಲು ಹಾಕಿದ್ರೆ ಅದರ ಸಕ್ಕರೆ ಕಂದು ತಿರುಗುತ್ತೆ. ನೀವು ಪಾತ್ರೆಗೆ ಹಾಕಿದ್ದೇ ಸೋಪಿನಲ್ಲಿ ಹಾಗೇ ಕೂತಿರುತ್ತೆ ಅನ್ನೋ ನಂಬಿಕೆ ಬಿಡಿ. ಅದೂ ಅಲ್ಲದೆ ಸೋಪು ಮೈಮೇಲೆ ಇರೋದು ಅರ್ಧ ನಿಮಿಷ, ಆಮೇಲೆ ಬಚ್ಚಲ ಪಾಲು.

ಬಣ್ಣಕ್ಕೆ, ಪರಿಮಳಕ್ಕೆ, ಮನಸ್ಸಿನ ಖುಷಿಗೆ ಏನಾದ್ರೂ ಹಾಕಿ, ತಕರಾರಿಲ್ಲ. ‘ಇಸುಬಿಗೆ ಒಳ್ಳೇದು’, ‘ಮಗುವಿನ ಗುಳ್ಳೆ ಹೋಗುತ್ತೆ’ ಅಂತ ಬರೆಯೋದನ್ನ ಮಾತ್ರ ನಾನು ಒಪ್ಪಲ್ಲ. ನಿಜವಾದ ಸೋಪು, ಎಷ್ಟೇ ಚೆನ್ನಾಗಿ ಮಾಡಿದ್ರೂ, ಕ್ಷಾರೀಯವೇ. ಅದರ ಪಿಎಚ್ 8ರಿಂದ 10ರ ನಡುವೆ, ನಮ್ಮ ಚರ್ಮದ್ದು 5ರ ಹತ್ತಿರ. ಆರೋಗ್ಯದ ಚರ್ಮ ಅದನ್ನ ತಡ್ಕೊಂಡು ಮತ್ತೆ ಸರಿಹೋಗುತ್ತೆ. ಇಸುಬಿನಿಂದ ಬಿರುಕು ಬಿಟ್ಟ ಚರ್ಮಕ್ಕೆ ಆ ಶಕ್ತಿ ಇರಲ್ಲ, ಉರಿ ಇನ್ನೂ ಹೆಚ್ಚಬಹುದು. ‘5.5 ಪಿಎಚ್ ಹ್ಯಾಂಡ್‌ಮೇಡ್ ಸೋಪು’ ಅಂತ ಯಾರಾದ್ರೂ ಹೇಳಿದ್ರೆ ಒಂದೋ ಅದು ಸೋಪಲ್ಲ, ಇಲ್ಲಾ ಅವರು ಅಳೆದಿಲ್ಲ.

ಇಲ್ಲಿ ನನಗೆ ಕೋಪ ಬರೋದು ಯಾಕೆ ಗೊತ್ತಾ? ಹೀಗೆ ಬರೆಯೋರಲ್ಲಿ ಹೆಚ್ಚಿನವರು ಮೋಸಗಾರರಲ್ಲ. ಪ್ರೀತಿಯಿಂದ ಮಾಡ್ತಾರೆ, ಪ್ರೀತಿಯಿಂದ ಕೊಡ್ತಾರೆ. ತಗೊಂಡ ತಾಯಿಯೂ ಅದೇ ನಂಬಿಕೆಯಿಂದ ಮಗುವಿಗೆ ಹಚ್ತಾಳೆ. ಗುಳ್ಳೆ ಜಾಸ್ತಿಯಾದ್ರೆ ‘ನ್ಯಾಚುರಲ್ ಅಲ್ವಾ, ಮೊದಮೊದಲು ಹಾಗೇ’ ಅಂತ ಇನ್ನೂ ಒಂದು ವಾರ ಹಚ್ತಾಳೆ. ಡಾಕ್ಟರ ಹತ್ತಿರ ಹೋಗಬೇಕಾಗಿದ್ದ ಆ ಒಂದು ವಾರವನ್ನ ನುಂಗಿದ್ದು ಲೇಬಲ್ ಮೇಲಿನ ಆ ಸಾಲು.

(6/6)

ಹಾಗಾದ್ರೆ ಮನೆಯಲ್ಲಿ ಸೋಪು ಮಾಡೋದೇ ಬೇಡ್ವಾ? ಖಂಡಿತ ಮಾಡಿ!

ದುಡ್ಡು ಉಳಿಯುತ್ತೆ ಅಂತ ಮಾತ್ರ ಮಾಡಬೇಡಿ, ಉಳಿಯಲ್ಲ. ಎಣ್ಣೆಯ ರೇಟು ನೋಡಿದ್ರೆ ಅಂಗಡಿ ಸೋಪೇ ಅಗ್ಗ. ಇದರ ಸುಖ ಬೇರೆ ಕಡೆ ಇದೆ. ತೆಳ್ಳಗಿದ್ದ ಎಣ್ಣೆ ತಿರುವುತ್ತಾ ತಿರುವುತ್ತಾ ದೋಸೆಹಿಟ್ಟಿನ ಹದಕ್ಕೆ ಬರುತ್ತಲ್ಲ, ಸೌಟೆತ್ತಿ ಸುರಿದ್ರೆ ಮೇಲೆ ಗೆರೆ ನಿಲ್ಲುತ್ತಲ್ಲ, ಆ ಕ್ಷಣ ಇದೆ. ಮರುದಿನ ಅಚ್ಚಿನಿಂದ ಬಿಡಿಸಿ ಕತ್ತರಿಸೋದಿದೆ. ಆಮೇಲೆ ನಾಲ್ಕರಿಂದ ಆರು ವಾರ ಗಾಳಿಗಿಟ್ಟು, ನೀರಿನಂಶ ಆರಿ ಗಟ್ಟಿಯಾಗೋವರೆಗೂ ಕಾಯೋದಿದೆ. ಉಪ್ಪಿನಕಾಯಿ ಹಾಕಿ ಕಾದ ಮನೆಗಳಿಗೆ ಈ ಕಾಯುವಿಕೆ ಹೊಸದಲ್ಲ.

ಹೇಳ್ಕೊಳ್ಳೋಕೆ ನಿಜವಾದ ಗುಣಗಳೂ ಇವೆ. ಎಷ್ಟೋ ಕಾರ್ಖಾನೆಗಳು ಸೋಪಿನಿಂದ ಗ್ಲಿಸರಿನ್ ತೆಗೆದು ಬೇರೆ ಮಾರ್ತಾವೆ, ನಿಮ್ಮದರಲ್ಲಿ ಅದು ಹಾಗೇ ಇರುತ್ತೆ. ಪರಿಮಳ ಆಗದವರಿಗೆ ಪರಿಮಳವಿಲ್ಲದೇ ಮಾಡಬಹುದು. ಊರಿನ ಗಾಣದ ಕೊಬ್ಬರಿ ಎಣ್ಣೆ, ಮಲೆನಾಡಿನ ನೆಂಟರು ಕೊಟ್ಟ ಮುರುಗಲ ತುಪ್ಪ ಹಾಕಬಹುದು (ಲೆಕ್ಕ ಹಾಕಿ!). ಬೋರ್‌ವೆಲ್ ನೀರಲ್ಲಿ ನೊರೆ ಕಡಿಮೆ ಬಂದ್ರೆ ಬೇಸರ ಬೇಡ, ಗಡಸು ನೀರಿನಲ್ಲಿ ಯಾವ ಸೋಪಿನದ್ದೂ ಅದೇ ಕಥೆ.

ಮಾರೋ ಆಸೆ ಇದ್ರೆ ಇನ್ನೊಂದು ಮಾತು. ನಮ್ಮ ಕಾನೂನಿನಲ್ಲಿ ಮೈಸೋಪು ಸೌಂದರ್ಯವರ್ಧಕಗಳ ಲೆಕ್ಕಕ್ಕೆ ಬರುತ್ತೆ. 1940ರ ಡ್ರಗ್ಸ್ ಅಂಡ್ ಕಾಸ್ಮೆಟಿಕ್ಸ್ ಕಾಯ್ದೆ, 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಮಾರಾಟಕ್ಕೆ ತಯಾರಿಸೋಕೆ ಪರವಾನಗಿ ಬೇಕು. ‘ನಾಲ್ಕು ಜನಕ್ಕೆ ಮಾರೋದಕ್ಕೆಲ್ಲ ಯಾಕೆ’ ಅನ್ನಬಹುದು. ನಾಲ್ಕು ಜನರ ಚರ್ಮವೂ ಚರ್ಮವೇ.

ಉಡುಗೊರೆ ಕೊಡೋವಾಗ ಒಂದು ಚೀಟಿ ಅಂಟಿಸಿ. ಅದರಲ್ಲಿ ಇಷ್ಟಿರಲಿ: ಯಾವ ಯಾವ ಎಣ್ಣೆ. ‘ಕಾಸ್ಟಿಕ್ ಸೋಡಾ ಬಳಸಿ ಮಾಡಿದ್ದು’. ಮಾಡಿದ ತಾರೀಖು. ಪರಿಮಳಕ್ಕೆ ಏನು ಹಾಕಿದೀರಿ. ‘ಚರ್ಮದ ತೊಂದರೆ ಇದ್ದರೆ ಡಾಕ್ಟರನ್ನ ಕೇಳಿ ಬಳಸಿ’.

ಇದನ್ನ ಓದಿ ಒಬ್ಬರು ಇಬ್ಬರು ಹಿಂದೆ ಸರಿದ್ರೂ ಚಿಂತೆ ಇಲ್ಲ. ಉಳಿದವರು ಕೇಳ್ತಾರೆ: ಕಾಸ್ಟಿಕ್ಕಾ? ಅದು ಹೇಗೆ? ಆಗ ಕೂರಿಸಿಕೊಂಡು ಹೇಳಿಕೊಡಿ. ಹವ್ಯಾಸ ಒಬ್ಬರಿಂದ ಇನ್ನೊಬ್ಬರಿಗೆ ದಾಟೋದು ಹಾಗೇ, ಬೀಗ ಹಾಕಿದ ಡಬ್ಬದ ಸಮೇತ.

ಸೋಪು ಮಾಡೋ ಗೆಳತಿ, ಗೆಳೆಯ ಇದ್ರೆ ಮೂರನೇ ಪೋಸ್ಟನ್ನ ಇವತ್ತೇ ಕಳಿಸಿ.

#ಮನೆಸೋಪು #ಸೋಪಿನಲೆಕ್ಕ #ಕನ್ನಡದಲ್ಲಿಓದಿ