ಮರದ ಮೇಲಿನ ಮಾತು

ಕೊನೆಕೊಯ್ಲಿನ ದಿನ ತೋಟದಲ್ಲಿ ಕೆಲಸಕ್ಕಿಂತ ಮಾತೇ ಜಾಸ್ತಿ ಎಂಬುದು ಮಲೆನಾಡು, ಕರಾವಳಿಯ ಅಡಿಕೆ ಬೆಳೆಗಾರರಲ್ಲಿ ಹಳೆಯ ದೂರು. ಮರದ ತುದಿಯಲ್ಲಿರುವ ಕೊನೆಗಾರ, ಕೆಳಗೆ ಹಗ್ಗ ಹಿಡಿದವನು, ಉದುರಡಿಕೆ ಹೆಕ್ಕುವ ಹೆಂಗಸರು ಎಲ್ಲರೂ ಬೆಳಗಿನಿಂದ ಸಂಜೆಯವರೆಗೆ ಒಬ್ಬರನ್ನೊಬ್ಬರು ಕಾಲೆಳೆಯುತ್ತಲೇ ಇರುತ್ತಾರೆ. ಈ ಹರಟೆಯನ್ನು ಕೆಲಸಗಳ್ಳತನವೆಂದು ಎಣಿಸುವುದು ತಪ್ಪು ಎಂಬುದು ನನ್ನ ವಾದ. ಪ್ರಾಣ ಪಣಕ್ಕಿಟ್ಟು ಜೋಡಿಯಾಗಿ ಮಾಡುವ ಕೆಲಸದಲ್ಲಿ ಮಾತು ಕಸುಬಿನದೇ ಒಂದು ಅಂಗ. ಹತ್ತುವವರು ಸಿಗುತ್ತಿಲ್ಲ ಎಂದು ಚಿಂತಿಸುವ ನಾವು ಆ ಅಂಗವನ್ನು ಗಮನಿಸಿದ್ದು ತೀರ ಕಡಿಮೆ.

ಕೆಲಸವನ್ನು ಹತ್ತಿರದಿಂದ ನೋಡಿದರೆ ಇದು ತಿಳಿಯುತ್ತದೆ. ಪಾದಗಳಿಗೆ ಬಳೆಯಂಥ ತಳೆ ಸಿಕ್ಕಿಸಿಕೊಂಡು ಐವತ್ತು ಅರವತ್ತು ಅಡಿ ಏರಿದ ಕೊನೆಗಾರ ಒಂದು ಮರದ ಕೆಲಸ ಮುಗಿದ ಕೂಡಲೇ ಇಳಿಯುವುದಿಲ್ಲ. ಮರವನ್ನೇ ತೂಗಿಸಿ, ಪಕ್ಕದ ಮರವನ್ನು ಕೈಗೆ ಎಳೆದುಕೊಂಡು ದಾಟುತ್ತಾನೆ. ಕತ್ತರಿಸಿದ ಕೊನೆ, ಅಂದರೆ ಅಡಿಕೆ ಗೊನೆ, ಹಗ್ಗದ ಮೇಲೆ ಜಾರಿ ಬರುತ್ತದೆ. ಕೆಳಗಿನವನು ಹಗ್ಗವನ್ನು ತಕ್ಕಷ್ಟೇ ಬಿಗಿಹಿಡಿದು ಅದನ್ನು ಬರಮಾಡಿಕೊಳ್ಳಬೇಕು. ಮೇಲಿನವನಿಗೆ ಬುಡ ಕಾಣುವುದಿಲ್ಲ, ಕೆಳಗಿನವನಿಗೆ ಅವನ ಕೈ ಕಾಣುವುದಿಲ್ಲ. ಇಬ್ಬರ ನಡುವೆ ಇರುವುದು ಒಂದು ಹಗ್ಗ ಮತ್ತು ದನಿ. "ಮೇಲೆ ನಿದ್ದೆ ಬಂತನಾ ಮಾರಾಯಾ?" ಎಂದು ಕೆಳಗಿನಿಂದ ಕೂಗಿದರೆ ಅದು ಛೇಡಿಕೆಯೂ ಹೌದು, ವಿಚಾರಣೆಯೂ ಹೌದು. ಉತ್ತರ ಥಟ್ಟನೆ ಬಂದರೆ ಮೇಲಿನವನ ಉಸಿರು, ಹಿಡಿತ, ಮನಸ್ಸು ಮೂರೂ ನೆಟ್ಟಗಿವೆ. ತಡವಾದರೆ ಕೆಳಗಿನವನು ತಲೆಯೆತ್ತಿ ನೋಡುತ್ತಾನೆ. ತೋಟದ ತಿಳಿವಳಿಕೆ ಒಬ್ಬರಿಂದೊಬ್ಬರಿಗೆ ದಾಟುವುದೂ ಹೀಗೆಯೇ. ನೈಋತ್ಯದ ಬಿಸಿಲಿಗೆ ಸುಟ್ಟು ಕಾಂಡ ಸೀಳಿದ ಮರ ಯಾವುದು, ಬುಡಕ್ಕೆ ಅಣಬೆರೋಗ ಹತ್ತಿದ್ದು ಯಾವುದು, ಯಾವುದರ ಮೇಲೆ ಪಾಚಿ ಕಟ್ಟಿದೆ ಎಂಬುದನ್ನು ಕಲಿಯುವವನು ಗದರಿಕೆಯಿಂದಲ್ಲ, ಹಳಬರ ತಮಾಷೆಯಿಂದ ನೆನಪಿಟ್ಟುಕೊಳ್ಳುತ್ತಾನೆ.

ಮಾತಿನಿಂದ ಗಮನ ಚೆದುರುವುದಿಲ್ಲವೇ ಎಂಬ ಪ್ರಶ್ನೆ ನ್ಯಾಯವಾದುದೇ. ಆದರೆ ಹರಟೆ ಎಲ್ಲ ಹೊತ್ತೂ ಒಂದೇ ಸಮನೆ ನಡೆಯುವುದಿಲ್ಲ. ಮರದಿಂದ ಮರಕ್ಕೆ ದಾಟುವ ಗಳಿಗೆಯಲ್ಲಿ ತೋಟವೇ ಸುಮ್ಮನಾಗುತ್ತದೆ. ದಾಟಿದ ಮೇಲೆ ಮಾತು ಬಿಟ್ಟಲ್ಲಿಂದ ಶುರುವಾಗುತ್ತದೆ. ಎಲ್ಲಿ ನಿಲ್ಲಿಸಬೇಕೆಂಬ ಅರಿವು ಆ ಮಾತಿಗೇ ಇದೆ. ಸಮಯ ಹಾಳಾಗುತ್ತದೆ ಎಂಬ ದೂರಿನಲ್ಲಂತೂ ಹುರುಳೇ ಇಲ್ಲ. ಕೂಲಿ ಎಷ್ಟೋ ಕಡೆ ಕೊಯ್ಲಿಗೆ ಕೊನೆಗಳ ಲೆಕ್ಕ, ಮದ್ದು ಹೊಡೆಯಲು ಡ್ರಮ್ಮಿನ ಲೆಕ್ಕ. ಮಾತಿನಿಂದ ಹೊತ್ತು ಹೋದರೆ ನಷ್ಟ ಮಾತಾಡುವವನದೇ. ಆದರೂ ಅವನು ಮಾತು ಬಿಡುವುದಿಲ್ಲ ಎಂದರೆ ಅದರಿಂದ ಅವನಿಗೆ ದಕ್ಕುವುದು ದೊಡ್ಡದೇ ಇರಬೇಕು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ನಗು ಅಪಾಯವನ್ನು ಮುಚ್ಚಿಡುತ್ತದೆ. ಸೊಂಟಕ್ಕೆ ಸುರಕ್ಷಾ ಪಟ್ಟಿ ಕಟ್ಟಿಕೊಂಡ ಹುಡುಗನನ್ನು ಹೆದರುಪುಕ್ಕಲ ಎಂದು ಆಡಿಕೊಳ್ಳುವುದೂ ಈ ಹರಟೆಯೇ. ಜೂನ್, ಜುಲೈಯ ಜಿಟಿಜಿಟಿ ಮಳೆಯಲ್ಲಿ ಕೊಳೆರೋಗದ ಭಯಕ್ಕೆ ಬೋರ್ಡೋ ದ್ರಾವಣ ಹೊಡೆಸಲು ಅವಸರಪಡಿಸುವ ಒಡೆಯನಿಗೆ, ಜಾರುವ ಮರದ ಬಗ್ಗೆ ಕೊನೆಗಾರ ನಗುತ್ತ ಹೇಳಿದ ಎಚ್ಚರಿಕೆ ಬರೀ ನಗುವಾಗಿಯೇ ಕೇಳಿಸುತ್ತದೆ. ಬೈಗುಳದಲ್ಲಿ ಜಾತಿ ನುಸುಳಿದರೆ ಅದು ತಮಾಷೆಯಾಗಿ ಉಳಿಯುವುದೂ ಇಲ್ಲ. ಇದನ್ನೆಲ್ಲ ಒಪ್ಪಲೇಬೇಕು. ಆದರೆ ಇದರಿಂದ ಮಾತು ಬೇಡ ಎಂದಾಗುವುದಿಲ್ಲ. ಬಿದ್ದವನ ಬೆನ್ನುಮೂಳೆಗೆ ಮಾತು ವಿಮೆಯಾಗದು ಎಂದಷ್ಟೇ ಆಗುತ್ತದೆ. ಪಟ್ಟಿ, ವಿಮೆ, ಮಳೆ ಹೊಯ್ಯುವಾಗ ಹತ್ತುವುದಿಲ್ಲ ಎನ್ನುವ ಹಕ್ಕು ಇವು ಒಡೆಯನ ಹೊಣೆ. ಅವನು ಅದನ್ನು ಕೊನೆಗಾರನ ಧೈರ್ಯದ ಮೇಲೆ ಹೊರಿಸಿ ಕೈತೊಳೆದುಕೊಳ್ಳಬಾರದು.

ಈಗ ಕಾರ್ಬನ್ ಫೈಬರಿನ ಉದ್ದ ಕೋಲು, ದೋಟಿ, ಬಂದಿದೆ, ಇನ್ನು ಹತ್ತುವುದೂ ಬೇಡ, ಹರಟೆಯೂ ಬೇಡ ಎನ್ನುವವರಿದ್ದಾರೆ. ನೆಲದ ಮೇಲೆ ನಿಂತೇ ಕೊಯ್ಯಬಹುದಾದದ್ದು, ಮದ್ದು ಹೊಡೆಯಬಹುದಾದದ್ದು ದೊಡ್ಡ ನೆಮ್ಮದಿ, ಸಂಶಯವಿಲ್ಲ. ಆದರೆ ದೋಟಿ ಹಿಡಿದವನ ಕಣ್ಣು ಇಡೀ ದಿನ ಆಕಾಶದಲ್ಲಿರುತ್ತದೆ. ಕುತ್ತಿಗೆ ಸೋಲುತ್ತದೆ, ಕಾಲ ಬುಡದ ಕಾಲುವೆ ಕಾಣುವುದಿಲ್ಲ, ತೋಟದ ಅಂಚಿನ ವಿದ್ಯುತ್ ತಂತಿಗೆ ದೋಟಿ ತಾಗಿದರೆ ಜೀವವೇ ಹೋದೀತು. ಅಲ್ಲಿಯೂ ಬೀಳುವ ಕೊನೆಗೆ ಕೆಳಗೆ ಬಲೆ ಹಿಡಿದವನು ಬಾಯಿ ಬಿಡಲೇಬೇಕು. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಶುರುಮಾಡಿದ 'ತೆಂಗಿನ ಮರದ ಸ್ನೇಹಿತರು' ತರಬೇತಿ ಮರ ಹತ್ತುವ ಯಂತ್ರದ ಜೊತೆಗೆ ಕೀಟ, ರೋಗಗಳ ತಿಳಿವಳಿಕೆಯನ್ನೂ ವಿಮೆಯನ್ನೂ ಕೊಟ್ಟಿತು. ಅದು ಸರಿಯಾದ ದಾರಿ. ಅಡಿಕೆಯ ತರಬೇತಿಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಡಬೇಕು: ಹತ್ತುವವನಿಗೆ ಒಂಟಿಯಾಗಿ ಕಲಿಸದೆ, ಹಗ್ಗ ಹಿಡಿಯುವವನ ಜೊತೆ ಜೋಡಿಯಾಗಿ ಕಲಿಸಬೇಕು, ಪಾಠ ಹೇಳುವ ಜಾಗದಲ್ಲಿ ಹಳೆಯ ಕೊನೆಗಾರರನ್ನು ಸಂಬಳ ಕೊಟ್ಟು ಕೂರಿಸಬೇಕು.