ಜೆರಿಕೋ: ಗ್ರಂಥದ ಗೋಡೆ, ನೆಲದ ಗೋಡೆ

ಪ್ರಾಚೀನ ಕೃತಿಯೊಂದರ ಮಾತನ್ನು ನಿಜವೆಂದು ಸಾಧಿಸಲೆಂದೇ ನೆಲ ಅಗೆಯುವವರಿಗೆ ಸಿಕ್ಕಿದ್ದೆಲ್ಲವೂ ಸಾಕ್ಷಿಯಾಗಿ ತೋರುತ್ತದೆ. ಜೆರಿಕೋ ಉತ್ಖನನದ ಚರಿತ್ರೆ ಇದಕ್ಕೆ ಸ್ಪಷ್ಟ ನಿದರ್ಶನ.

ಕನ್ನಡ ಬೈಬಲ್ಲಿನಲ್ಲಿ ಯೆರಿಕೋ ಎನಿಸಿಕೊಂಡಿರುವ ಈ ಪಟ್ಟಣದ ಗೋಡೆಗಳು ಇಸ್ರಾಯೇಲರ ಕೊಂಬಿನ ದನಿಗೂ ಆರ್ಭಟಕ್ಕೂ ಕುಸಿದವೆಂದು ಯೆಹೋಶುವನ ಗ್ರಂಥ ಹೇಳುತ್ತದೆ. ಪ್ಯಾಲೆಸ್ತೀನಿನ ಟೆಲ್ ಎಸ್-ಸುಲ್ತಾನ್ ಎಂಬ ದಿಬ್ಬವೇ ಅದರ ನೆಲೆ. 1868ರಲ್ಲಿ ಚಾರ್ಲ್ಸ್ ವಾರನ್ ಅಲ್ಲಿ ಗುಂಡಿಗಳನ್ನು ತೋಡಿಸಿದರು. 1907ರಿಂದ ಅರ್ನ್ಸ್ಟ್ ಜೆಲಿನ್ ಮತ್ತು ಕಾರ್ಲ್ ವಾಟ್ಸಿಂಗರ್ ವ್ಯವಸ್ಥಿತ ಉತ್ಖನನ ನಡೆಸಿದರು. ಯೆಹೋಶುವನ ಕಾಲಕ್ಕೆ ಪಟ್ಟಣವು ಹಾಳುಬಿದ್ದಿತ್ತೆಂದು ವಾಟ್ಸಿಂಗರ್ 1926ರಲ್ಲೇ ಬರೆದಿದ್ದರು. ಆದರೂ 1930–36ರಲ್ಲಿ ಅಗೆದ ಜಾನ್ ಗಾರ್ಸ್ಟಾಂಗ್, ಬಿದ್ದ ಜೋಡಿಗೋಡೆಯೊಂದನ್ನು ಕ್ರಿ.ಪೂ. 1400ರ ಸುಮಾರಿನದೆಂದು ಗುರುತಿಸಿ, ಯೆಹೋಶುವನ ಕಥೆಗೆ ಜೋಡಿಸಿದರು.

1952–58ರಲ್ಲಿ ಕ್ಯಾಥ್ಲೀನ್ ಕೆನ್ಯನ್ ಆಳವಾದ ಕಂದಕಗಳನ್ನು ತೋಡಿ ಮಣ್ಣಿನ ಸ್ತರಗಳನ್ನು ಒಂದೊಂದಾಗಿ ಓದಿದರು. ಅವರ ಗುರು ಮಾರ್ಟಿಮರ್ ವೀಲರ್ 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅನುಸರಿಸಿದ್ದೂ ಇದೇ ಸ್ತರವಿಧಾನವನ್ನು. ಗಾರ್ಸ್ಟಾಂಗರ ಗೋಡೆ ಅವರು ಹೇಳಿದ್ದಕ್ಕಿಂತ ಸುಮಾರು ಸಾವಿರ ವರ್ಷ ಹಳೆಯದೆಂಬುದು ಆಗ ತಿಳಿಯಿತು. ಅನಂತರ ಅಲ್ಲಿ ಬೆಳೆದ ಕೋಟೆಯ ಪಟ್ಟಣ ಕ್ರಿ.ಪೂ. 1550ರ ಹೊತ್ತಿಗೆ ನಾಶವಾಗಿತ್ತೆಂದು ಕೆನ್ಯನ್ ನಿರ್ಣಯಿಸಿದರು. ಬ್ರಯಂಟ್ ವುಡ್ 1990ರಲ್ಲಿ ಇದನ್ನು ಆಕ್ಷೇಪಿಸಿದರು. ಆದರೆ ಸುಟ್ಟ ಧಾನ್ಯಗಳ ಇಂಗಾಲ ಪರೀಕ್ಷೆ ಕೆನ್ಯನ್ ಅವರ ಕಾಲನಿರ್ಣಯವನ್ನೇ ಬೆಂಬಲಿಸಿತು.

ಇದನ್ನು ಗ್ರಂಥದ ಸೋಲೆಂದು ಸಾರುವುದೂ ಅವಸರವೇ. ಗೋಡೆ ಬಿದ್ದ ಕಥೆ ಒಂದು ಜನಾಂಗ ತನ್ನ ನಂಬಿಕೆಯನ್ನೂ ನೆಲದೊಡನೆ ತನಗಿರುವ ಸಂಬಂಧವನ್ನೂ ಹೇಳಿಕೊಂಡ ಬಗೆ. ಅದರ ಅರ್ಥವನ್ನು ಇಟ್ಟಿಗೆಯಿಂದ ಅಳೆಯಲಾಗದು. ಅಂತೆಯೇ ಇಟ್ಟಿಗೆಯ ಕಾಲವನ್ನು ಕಥೆಯಿಂದ ನಿರ್ಣಯಿಸಲಾಗದು. ಎರಡೂ ಆಧಾರಗಳೇ, ಆದರೆ ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು.

ಗ್ರಂಥಕ್ಕೆ ಗೊತ್ತೇ ಇರದಿದ್ದ ಸಂಗತಿಗಳನ್ನು ಆ ದಿಬ್ಬ ಕಾಪಾಡಿಕೊಂಡಿತ್ತು. ಮಡಕೆ ಮಾಡುವುದನ್ನು ಇನ್ನೂ ಅರಿಯದ ಜನ ಕ್ರಿ.ಪೂ. 8000ದ ಸುಮಾರಿಗೆ ಕಟ್ಟಿದ, ಒಳಗೆ ಮೆಟ್ಟಿಲುಗಳುಳ್ಳ, ಎಂಟು ಮೀಟರಿಗೂ ಎತ್ತರದ ಕಲ್ಲಿನ ಗೋಪುರ ಅಲ್ಲಿ ದೊರೆಯಿತು. ಮೃತರ ತಲೆಬುರುಡೆಗೆ ಗಾರೆ ಮೆತ್ತಿ, ಕಣ್ಣಿಗೆ ಚಿಪ್ಪು ಕೂರಿಸಿ ಮುಖವನ್ನು ಮರಳಿ ರೂಪಿಸಿದ ಕುರುಹುಗಳೂ ದೊರೆತವು. 2023ರಲ್ಲಿ ಯುನೆಸ್ಕೋ ಈ ದಿಬ್ಬವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಮುಂದಿಟ್ಟದ್ದು ಈ ಪ್ರಾಚೀನ ಬದುಕಿನ ಮಹತ್ತ್ವವನ್ನೇ.

ಕಾವ್ಯ ಪುರಾಣಗಳಿಂದ ಚರಿತ್ರೆಯನ್ನು ಹೆಕ್ಕುವ ಸಂಶೋಧಕನಿಗೆ ಜೆರಿಕೋ ಕೊಡುವ ಎಚ್ಚರಿಕೆ ಇದು: ಉತ್ತರವನ್ನು ಮೊದಲೇ ನಿಶ್ಚಯಿಸಿಕೊಂಡು ಹೊರಟವನಿಗೆ ಗೋಡೆ ಸಿಗಬಹುದು; ಅದರ ಕೆಳಗೆ ಅಡಗಿರುವ ಗೋಪುರ ಕಾಣದೆಯೇ ಉಳಿಯಬಹುದು.