ದಿಂಡಿಗಲ್ ಮಿಲ್ಲಿನ ಕೂಲಿಗೆ ಯಾರು ಹೊಣೆ?

ಕಂಬಂ ಕಣಿವೆಯಲ್ಲಿ ಕನ್ನಡ ಇದೆ ಎಂದರೆ ನಮ್ಮ ಸಹೋದ್ಯೋಗಿಗಳಲ್ಲೇ ಎಷ್ಟೋ ಜನ ನಂಬುವುದಿಲ್ಲ. ಇದೆ. ತಮಿಳುನಾಡಿನ ತೇನಿ ಜಿಲ್ಲೆಯ ಕಾಪಿಲಿಯರ್ ಮನೆಗಳಲ್ಲಿ ಆಡುವ ಮಾತು ಕನ್ನಡದ್ದೇ, ಓದು ಬರಹವೆಲ್ಲ ತಮಿಳು. ಅವರ ಭಾಷೆಯ ಕಥೆ ಇನ್ನೊಮ್ಮೆ ಬರೆಯೋಣ. ಇವತ್ತಿನ ವಿಷಯ ಆ ಸೀಮೆಯ ಕೂಲಿ.

ಬೆಳಗಿನ ಜಾವ ಕಂಬಂ, ಬೋಡಿನಾಯಕನೂರುಗಳಿಂದ ಜೀಪುಗಳು ಹೊರಡುತ್ತವೆ. ಹಿಡಿಸುವುದಕ್ಕಿಂತ ಹೆಚ್ಚು ಹೆಂಗಸರು ಒಂದೊಂದರಲ್ಲೂ. ಘಾಟಿ ಹತ್ತಿ ಕೇರಳದ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೋಗಿ ದುಡಿದು, ಸಂಜೆ ಮತ್ತೆ ಅದೇ ಜೀಪಿನಲ್ಲಿ ವಾಪಸ್. ಮನೆ ಒಂದು ರಾಜ್ಯದಲ್ಲಿ, ದುಡಿಮೆ ಇನ್ನೊಂದರಲ್ಲಿ. ಗಡಿಯಲ್ಲಿ ಬದುಕುವ ನಮಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಏನಾದರೂ ಆದರೆ ಎರಡು ಸರಕಾರಗಳೂ ಪಕ್ಕದವರ ಕಡೆ ಕೈ ತೋರಿಸುತ್ತವೆ.

ಅಂದ ಹಾಗೆ, 2023ರಲ್ಲಿ ಭೌಗೋಳಿಕ ಗುರುತು ಪಡೆದ ಕಂಬಂ ಪನ್ನೀರ್ ದ್ರಾಕ್ಷಿಯನ್ನು ತಮಿಳುನಾಡಿಗೆ 1832ರಲ್ಲಿ ತಂದವರು ಒಬ್ಬ ಫ್ರೆಂಚ್ ಪಾದ್ರಿ ಎಂದು ಹೇಳುತ್ತಾರೆ. ಆ ಸೀಮೆಗೆ ಪಾದ್ರಿಗಳ ನಂಟು ಹಳೆಯದು. ಕೊಡೈಕನಾಲಿನ ಬಳಿ ಶೆಂಬಗನೂರಿನಲ್ಲಿ ಜೆಸ್ವಿಟರ ಕಾಲೇಜು 1895ರಿಂದ ಇದೆ. ದಿಂಡಿಗಲ್ 2003ರಲ್ಲಿ ತಿರುಚಿರಾಪಳ್ಳಿಯಿಂದ ಬೇರೆಯಾಗಿ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ಆದರೆ ಕೂಲಿಯ ಬಗ್ಗೆ ಅವರ ಚರ್ಚು ಏನು ಹೇಳುತ್ತದೆ ಎಂಬುದು ಚರ್ಚಿನ ಹೊರಗಿರುವ ನಮಗೆ ಗೊತ್ತೇ ಇಲ್ಲ. ಒಳಗಿರುವವರಲ್ಲೂ ಎಷ್ಟು ಮಂದಿಗೆ ಗೊತ್ತೋ!

1891ರ ಮೇ 15ರಂದು ಪೋಪ್ 13ನೇ ಲಿಯೋ 'ರೇರುಂ ನೊವಾರುಂ' ಎಂಬ ವಿಶ್ವಪತ್ರ ಹೊರಡಿಸಿದರು. ಸಮಾಜವಾದವನ್ನು ಅದು ಖಂಡಿಸಿತು, ಖಾಸಗಿ ಆಸ್ತಿಯನ್ನು ಎತ್ತಿ ಹಿಡಿಯಿತು. ಇಷ್ಟು ಕೇಳಿದರೆ ಮಾಲೀಕರಿಗೆ ಖುಷಿಯೇ. ಆದರೆ ಮುಂದಕ್ಕೆ ಓದಬೇಕು. ಕೆಲಸಗಾರ ಒಪ್ಪಿ ಸಹಿ ಹಾಕಿದ ಮಾತ್ರಕ್ಕೆ ಕೂಲಿ ನ್ಯಾಯವಾಗುವುದಿಲ್ಲ ಎಂದಿತು ಆ ಪತ್ರ. ಬೇರೆ ದಾರಿ ಇಲ್ಲದೆ ಒಪ್ಪಿದರೆ ಅದು ಬಲಾತ್ಕಾರವೇ. ಕೂಲಿ ಬದುಕಿಗೆ ಸಾಲುವಷ್ಟಿರಬೇಕು. ಕಾರ್ಮಿಕರು ಸಂಘ ಕಟ್ಟಿಕೊಳ್ಳುವುದು ಸಹಜ ಹಕ್ಕು, ಸರಕಾರ ಅದನ್ನು ಕಾಯಬೇಕು. ಕೂಲಿಗಾರರಿಗೆ ಸಲ್ಲಬೇಕಾದ್ದನ್ನು ವಂಚಿಸುವುದು ಆಕಾಶಕ್ಕೆ ಮೊರೆಯಿಡುವ ಪಾಪಗಳಲ್ಲಿ ಒಂದು ಎಂಬುದು ಕ್ಯಾಥೋಲಿಕ್ ಧರ್ಮೋಪದೇಶದಲ್ಲೇ ಇದೆ. 2025ರ ಮೇ ತಿಂಗಳಲ್ಲಿ ಆಯ್ಕೆಯಾದ ಪೋಪ್ 14ನೇ ಲಿಯೋ ಆ ಹೆಸರು ಇಟ್ಟುಕೊಂಡದ್ದಕ್ಕೆ ಈ ಪತ್ರವೂ ಒಂದು ಕಾರಣ ಎಂದು ತಾವೇ ಹೇಳಿದ್ದಾರೆ.

ಈಗ ದಿಂಡಿಗಲ್ ಕಡೆಗೆ ಬರೋಣ. ದಿಂಡಿಗಲ್ ಎಂದರೆ ಹಿಂದೆ ಬೀಗ, ಚರ್ಮ ಹದ ಮಾಡುವ ಕಾರ್ಖಾನೆಗಳು. ಈಗ ಅವುಗಳ ಜೊತೆಗೆ ನೂಲಿನ ಮಿಲ್ಲು, ಗಾರ್ಮೆಂಟ್ಸ್. ದಿಂಡಿಗಲ್, ಕೊಯಮತ್ತೂರು, ತಿರುಪ್ಪೂರು, ಈರೋಡು ಜಿಲ್ಲೆಗಳ ಮಿಲ್ಲುಗಳಲ್ಲಿ 'ಸುಮಂಗಲಿ ಯೋಜನೆ' ಎಂಬುದೊಂದು ನಡೆಯುತ್ತಿತ್ತು. ಹಳ್ಳಿಯ ಬಡ ಮನೆಗೆ ಏಜೆಂಟ್ ಬರುತ್ತಾನೆ. ಹುಡುಗಿಯನ್ನು ಮೂರು ವರ್ಷ ಕಳಿಸಿ, ಹಾಸ್ಟೆಲು ಊಟ ನಮ್ಮದು, ಮೂರು ವರ್ಷ ಮುಗಿದ ಮೇಲೆ ಮದುವೆಗೆ ಇಡಿಗಂಟು ಕೊಡುತ್ತೇವೆ ಎನ್ನುತ್ತಾನೆ. ಮೂವತ್ತು ಸಾವಿರ, ಐವತ್ತು ಸಾವಿರ, ಹೀಗೆ. ಆ ಗಂಟು ಯಾರದ್ದು? ಅವಳದ್ದೇ ಕೂಲಿ, ಹಿಡಿದಿಟ್ಟದ್ದು. ನಡುವೆ ಕಾಯಿಲೆ ಬಿದ್ದು ಬಿಟ್ಟು ಬಂದರೆ ಅದೂ ಇಲ್ಲ. ವರದಕ್ಷಿಣೆ ನಿಷೇಧ ಕಾಯ್ದೆ 1961ರದ್ದು. ಅದೇ ವರದಕ್ಷಿಣೆಯ ಆಸೆ ತೋರಿಸಿ ಕಾರ್ಖಾನೆಗೆ ಆಳು ಹಿಡಿಯುವುದು! ಸುಮಂಗಲಿ ಎಂಬ ಒಳ್ಳೆಯ ಶಬ್ದಕ್ಕೆ ಬಂದ ಗತಿ ನೋಡಿ. ಈ ಯೋಜನೆಗೆ ಹುಡುಗಿಯೂ ಒಪ್ಪಿದ್ದಾಳೆ, ಅಪ್ಪ ಅಮ್ಮನೂ ಒಪ್ಪಿದ್ದಾರೆ. 1891ರ ಪತ್ರ ಹೇಳಿದ ಬಲಾತ್ಕಾರ ಇದೇ ಅಲ್ಲವೇ?

2021ರ ಜನವರಿಯಲ್ಲಿ ದಿಂಡಿಗಲ್ ಜಿಲ್ಲೆಯ ನಾಚಿ ಅಪೆರಲ್ ಎಂಬ ಗಾರ್ಮೆಂಟ್ಸಿನ ಒಬ್ಬ ದಲಿತ ಯುವತಿಯ ಕೊಲೆಯಾಯಿತು. ವಯಸ್ಸು ಇಪ್ಪತ್ತರ ಆಸುಪಾಸು. ಆರೋಪ ಬಂದದ್ದು ಅವಳ ಮೇಲ್ವಿಚಾರಕನ ಮೇಲೆ. ತಿಂಗಳುಗಟ್ಟಲೆ ಕಿರುಕುಳ ಇತ್ತು ಎಂದು ಮನೆಯವರು ಹೇಳಿದರು. ಆ ಕಾರ್ಖಾನೆ ತಿರುಪ್ಪೂರಿನ ಈಸ್ಟ್‌ಮನ್ ಎಕ್ಸ್‌ಪೋರ್ಟ್ಸ್ ಕಂಪನಿಯದ್ದು. ಬಟ್ಟೆ ಹೋಗುತ್ತಿದ್ದದ್ದು ಎಚ್ ಅಂಡ್ ಎಂ ಮುಂತಾದ ದೊಡ್ಡ ಬ್ರಾಂಡುಗಳಿಗೆ. ಇಂಥ ಸುದ್ದಿ ನಮ್ಮಲ್ಲಿ ಎರಡು ದಿನ ಪೇಪರಿನಲ್ಲಿ ಬಂದು ಮಾಯವಾಗುತ್ತದೆ. ಇದು ಆಗಲಿಲ್ಲ. ಮಹಿಳೆಯರೇ ನಡೆಸುವ, ದಲಿತರೇ ಹೆಚ್ಚಿರುವ ಟಿಟಿಸಿಯು ಎಂಬ ಕಾರ್ಮಿಕ ಸಂಘ ಪಟ್ಟು ಹಿಡಿಯಿತು. ಏಷ್ಯಾ ಫ್ಲೋರ್ ವೇಜ್ ಅಲಯನ್ಸ್ ಮತ್ತು ಅಮೆರಿಕದ ಒಂದು ಕಾರ್ಮಿಕ ಹಕ್ಕು ಸಂಸ್ಥೆ ಜೊತೆಗೂಡಿದವು. 2022ರ ಏಪ್ರಿಲಿನಲ್ಲಿ ಕಂಪನಿಯೊಂದಿಗೆ, ಎಚ್ ಅಂಡ್ ಎಂ ಜೊತೆಗೆ ಒಪ್ಪಂದವಾಯಿತು. ಆಮೇಲೆ ಗ್ಯಾಪ್, ಪಿವಿಎಚ್ ಕೂಡ ಸೇರಿದವು. ಇದಕ್ಕೆ 'ದಿಂಡಿಗಲ್ ಒಪ್ಪಂದ' ಎಂದೇ ಹೆಸರು.

ಒಪ್ಪಂದದಲ್ಲಿ ಏನಿತ್ತು? ಕೆಲಸಗಾರರ ನಡುವಿನಿಂದಲೇ, ಇಪ್ಪತ್ತೈದು ಮಂದಿಗೆ ಒಬ್ಬರಂತೆ, ಸಂಘ ತರಬೇತಿ ಕೊಟ್ಟ ನಿಗಾದಾರರು. ಕಂಪನಿಯ ಕೈಯಲ್ಲಿಲ್ಲದ ದೂರು ವ್ಯವಸ್ಥೆ. ಜಾತಿಯ ಕಾರಣಕ್ಕೆ, ಹೆಣ್ಣೆಂಬ ಕಾರಣಕ್ಕೆ, ವಲಸೆ ಬಂದವಳೆಂಬ ಕಾರಣಕ್ಕೆ ಕಿರುಕುಳ ಕೊಟ್ಟರೆ ಕ್ರಮ. ಇದಕ್ಕಿಂತ ಮುಖ್ಯವಾದದ್ದು, ಕಂಪನಿ ಮಾತಿಗೆ ತಪ್ಪಿದರೆ ಬ್ರಾಂಡುಗಳು ಆರ್ಡರಿನ ಮೂಲಕ ಬಿಸಿ ಮುಟ್ಟಿಸಬೇಕು. ಐದು ಸಾವಿರದಷ್ಟು ಕೆಲಸಗಾರರು ಇದರ ವ್ಯಾಪ್ತಿಗೆ ಬಂದರು. ಮೊದಲ ವರ್ಷದ ವರದಿಯಲ್ಲಿ 185 ದೂರು, ಇತ್ಯರ್ಥವಾದದ್ದು 182. ದೂರು ಹೆಚ್ಚಿದ್ದು ಕೆಟ್ಟದ್ದಲ್ಲ. ತರಗತಿಯಲ್ಲಿ ಯಾರೂ ಕೈ ಎತ್ತದಿದ್ದರೆ ಎಲ್ಲರಿಗೂ ಪಾಠ ಅರ್ಥವಾಗಿದೆ ಎಂದು ನಾವು ತಿಳಿಯುತ್ತೇವೆಯೇ?

ಇಲ್ಲಿ ಇನ್ನೊಂದು ವಿಶ್ವಪತ್ರದ ನೆನಪಾಗುತ್ತದೆ. 1981ರಲ್ಲಿ ಪೋಪ್ 2ನೇ ಜಾನ್ ಪಾಲ್ ಬರೆದ 'ಲಬೋರೆಂ ಎಕ್ಸೆರ್ಸೆನ್ಸ್'. ಆತ ಯುವಕನಾಗಿದ್ದಾಗ ಪೋಲೆಂಡಿನಲ್ಲಿ ಕಲ್ಲು ಕ್ವಾರಿಯಲ್ಲಿ, ರಾಸಾಯನಿಕ ಕಾರ್ಖಾನೆಯಲ್ಲಿ ದುಡಿದವರು, ಹಾಗಾಗಿ ಗೊತ್ತಿದ್ದೇ ಬರೆದರು. ನೇರ ಮಾಲೀಕ, ಪರೋಕ್ಷ ಮಾಲೀಕ ಎಂದು ಎರಡು ಮಾಡಿ ತೋರಿಸಿದರು. ಸಂಬಳ ಕೈಗೆ ಕೊಡುವವನು ನೇರ ಮಾಲೀಕ. ಆ ಸಂಬಳ ಎಷ್ಟಿರಬಹುದು, ಕೆಲಸ ಹೇಗಿರಬಹುದು ಎಂಬುದನ್ನು ದೂರದಿಂದ ತೀರ್ಮಾನಿಸುವವರೆಲ್ಲ ಪರೋಕ್ಷ ಮಾಲೀಕರು, ಅಂದರೆ ಸರಕಾರ, ಕಾನೂನು, ದೇಶವಿದೇಶದ ವ್ಯಾಪಾರ. ಅವರೂ ಹೊಣೆಗಾರರೇ. ಅಂಗಿಯ ಬೆಲೆಯನ್ನು ಸ್ಟಾಕ್‌ಹೋಮಿನಲ್ಲಿ ಕೂತು ಇಳಿಸಿದರೆ ದಿಂಡಿಗಲ್ಲಿನಲ್ಲಿ ಯಾರದೋ ಊಟದ ವಿರಾಮ ಕಡಿಮೆಯಾಗುತ್ತದೆ. ದಿಂಡಿಗಲ್ ಒಪ್ಪಂದ ಮಾಡಿದ್ದು ಇದನ್ನೇ. ಪರೋಕ್ಷ ಮಾಲೀಕನನ್ನು ಹಿಡಿದು ತಂದು ಸಹಿ ಹಾಕಿಸಿತು. ಬಾಂಗ್ಲಾದೇಶದ ರಾಣಾ ಪ್ಲಾಜಾ ಕುಸಿದು ಸಾವಿರದ ನೂರಕ್ಕೂ ಹೆಚ್ಚು ಮಂದಿ ಸತ್ತ 2013ರಲ್ಲಿ, ಮೇ ದಿನದಂದು ಪೋಪ್ ಫ್ರಾನ್ಸಿಸ್ ಅಲ್ಲಿನ ಕೂಲಿಯನ್ನು ಗುಲಾಮಗಿರಿ ಎಂದು ಕರೆದಿದ್ದರು. ಹೇಳುವುದು ಪೋಪರಿಗೆ ಸಾಧ್ಯ. ಸಹಿ ಹಾಕಿಸಿದ್ದು ದಿಂಡಿಗಲ್ಲಿನ ಹೆಂಗಸರ ಸಂಘ. ಆ ಕೀರ್ತಿಯನ್ನು ಯಾವ ಚರ್ಚಿಗೂ ನಾವು ಕೊಡುವುದಿಲ್ಲ. ಆ ಸಂಘವನ್ನು ಅಳೆಯಲು ಚರ್ಚಿನ ಬಳಿ ಒಳ್ಳೆಯ ಅಳತೆಗೋಲು ಇದೆ ಎಂದಷ್ಟೇ ನಮ್ಮ ಮಾತು. ಅದೇ ಕೋಲು ತನ್ನ ಬೆನ್ನಿಗೂ ಬೀಳುತ್ತದೆ.

ಹೇಗೆಂದರೆ, ಚರ್ಚು ಸ್ವತಃ ದೊಡ್ಡ ಮಾಲೀಕ. ಶಾಲೆ, ಕಾಲೇಜು, ಆಸ್ಪತ್ರೆ ಎಷ್ಟಿಲ್ಲ! ನ್ಯಾಯದ ಮಾತಾಡುವವರು ಮೊದಲು ತಮ್ಮ ಮನೆಯಲ್ಲಿ ನ್ಯಾಯವಂತರಾಗಿರಬೇಕು ಎಂದು 1971ರಲ್ಲಿ ರೋಮಿನಲ್ಲಿ ಸೇರಿದ ಬಿಷಪ್‌ಗಳ ಸಭೆಯೇ ಹೇಳಿದೆ. ಕಾಸರಗೋಡಿನ ಹಿರಿಯ ಮಾಸ್ತರರಿಗೆ 1957ರ ಕೇರಳದ ಶಿಕ್ಷಣ ಮಸೂದೆ ನೆನಪಿರಬಹುದು. ಖಾಸಗಿ ಶಾಲೆಯ ಶಿಕ್ಷಕರ ಸಂಬಳ ಸರಕಾರದಿಂದಲೇ ನೇರವಾಗಿ ಬರಲಿ ಎಂದಿತ್ತು ಅದು. ತಂದ ಮಂತ್ರಿ ಜೋಸೆಫ್ ಮುಂಡಶ್ಶೇರಿ ಸ್ವತಃ ಕ್ಯಾಥೋಲಿಕ್. ಚರ್ಚು ಬೀದಿಗಿಳಿಯಿತು. ಅವರ ಮುಖ್ಯ ತಕರಾರು ನೇಮಕಾತಿ ಮತ್ತು ಶಾಲೆಯ ಹಿಡಿತದ ಬಗ್ಗೆ, ಸಂಬಳದ ಬಗ್ಗೆ ಅಲ್ಲ, ಅದು ನಿಜ. ಆದರೂ 1959ರ ಜುಲೈ 31ರಂದು ಸರಕಾರ ವಜಾ ಆಗುವವರೆಗಿನ ಆ ಗದ್ದಲದಲ್ಲಿ ಬಡ ಮಾಸ್ತರನ ಸಂಬಳದ ಮಾತು ಎಲ್ಲಿ ಕೇಳಿಸಿತು?

ಜಾತಿಯದ್ದು ಇನ್ನೂ ಹತ್ತಿರದ ನೋವು. ಚರ್ಚಿನೊಳಗೂ ಅಸ್ಪೃಶ್ಯತೆ ಇದೆ ಎಂದು ಭಾರತದ ಕ್ಯಾಥೋಲಿಕ್ ಬಿಷಪ್‌ಗಳೇ 2016ರ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡರು. ಸರಕಾರದ ಕಡೆಯಿಂದ 1950ರ ರಾಷ್ಟ್ರಪತಿ ಆದೇಶ ಇದೆ. ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಬಾಗಿಲು ತೆರೆಯಿತು. ಕ್ರೈಸ್ತ ದಲಿತರು ಪರಿಶಿಷ್ಟ ಜಾತಿಯ ಹೊರಗೇ ಉಳಿದರು. ಹಾಗಾದರೆ ದಿಂಡಿಗಲ್ ಮಿಲ್ಲಿನಲ್ಲಿ ಒಂದೇ ಕೇರಿಯ ಇಬ್ಬರು ಹುಡುಗಿಯರು ಅಕ್ಕಪಕ್ಕ ನಿಂತಿದ್ದಾರೆ ಎಂದುಕೊಳ್ಳಿ. ಒಬ್ಬಳು ಹಿಂದೂ, ಒಬ್ಬಳು ಕ್ರೈಸ್ತೆ. ಮೇಲ್ವಿಚಾರಕ ಇಬ್ಬರನ್ನೂ ಅದೇ ಜಾತಿ ಹೆಸರು ಹಿಡಿದು ಬೈದರೆ ದೌರ್ಜನ್ಯ ತಡೆ ಕಾಯ್ದೆ ಒಬ್ಬಳಿಗೆ ಮಾತ್ರ ಬರುತ್ತದೆ! 2023ರ ಏಪ್ರಿಲಿನಲ್ಲಿ ತಮಿಳುನಾಡು ವಿಧಾನಸಭೆ ಇದನ್ನು ಸರಿಪಡಿಸುವಂತೆ ಕೇಂದ್ರವನ್ನು ಕೇಳಿ ನಿರ್ಣಯ ಮಾಡಿತು. ಒಳ್ಳೆಯ ನಿರ್ಣಯ. ಅದಕ್ಕೆ ಚಪ್ಪಾಳೆ ತಟ್ಟುವ ಬಿಷಪ್‌ಗಳು ತಮ್ಮ ಸ್ಮಶಾನಗಳ ಒಳಗಿನ ಗೋಡೆಗಳನ್ನೂ ಕೆಡವಿಸಬೇಕು.

ಇದೆಲ್ಲ ಕನ್ನಡ ಶಾಲೆಯವರಿಗೆ ಯಾಕೆ ಎಂದು ಕೇಳುವವರಿದ್ದಾರೆ. ಈರೋಡು ಎಂದರೆ ನಮ್ಮ ತಾಳವಾಡಿಯ ಜಿಲ್ಲಾ ಕೇಂದ್ರ, ಮಿಲ್ಲುಗಳ ಸೀಮೆ. ಹತ್ತನೆಯ ತರಗತಿ ಮುಗಿಸಿ ಮುಂದೆ ಕನ್ನಡದಲ್ಲಿ ಓದಲು ಹತ್ತಿರದಲ್ಲಿ ಕಾಲೇಜು ಇಲ್ಲದ, ತಮಿಳಿನಲ್ಲಿ ಓದಲು ಹೆದರುವ ಹುಡುಗಿಗೆ ಏಜೆಂಟನ ಮಾತು ಬೇಗ ರುಚಿಸುತ್ತದೆ. ಪರೀಕ್ಷೆ ಮುಗಿದು ಫಲಿತಾಂಶ ಬರುವವರೆಗಿನ ತಿಂಗಳು ಅಪಾಯದ್ದು. ಆ ತಿಂಗಳಲ್ಲಿ ಪ್ರತಿ ಶಾಲೆಯವರೂ ಮನೆ ಮನೆಗೆ ಒಂದು ಸುತ್ತು ಹೋಗಬೇಕು. ಯಾರ ಮನೆಗೆ ಯಾವ ಏಜೆಂಟ್ ಬಂದ, ಎಷ್ಟು ದುಡ್ಡು ಹೇಳಿದ, ಕಾಗದ ಏನಾದರೂ ಕೊಟ್ಟನೇ ಎಂದು ಕೇಳಿ ಬರೆದಿಟ್ಟುಕೊಳ್ಳಬೇಕು. ಹೋಗಲೇಬೇಕಾದ ಹುಡುಗಿಯಾದರೆ, ತಿಂಗಳ ಸಂಬಳ ತಿಂಗಳಿಗೇ ಅವಳ ಬ್ಯಾಂಕ್ ಖಾತೆಗೆ ಬರಬೇಕು ಎಂಬುದನ್ನು, ಸಂಘದ ಫೋನ್ ನಂಬರನ್ನು, ಕನ್ನಡದಲ್ಲೇ ಅವಳ ನೋಟುಬುಕ್ಕಿನಲ್ಲಿ ಬರೆದುಕೊಟ್ಟು ಕಳಿಸೋಣ.